ಮಾರ್ಜಾಲನಖವೂ ಗೃಹಸ್ಥಧರ್ಮವೂ

ವೈಶಾಖ ಶುದ್ಧ ಚತುರ್ದಶಿಯಂದು ಬಂಗಾರಪೇಟೆಯಲ್ಲಿ ಶ್ರೀನೃಸಿಂಹಜಯಂತಿಯ ಪ್ರಯುಕ್ತ ಏರ್ಪಟ್ಟಿದ್ದ ಪ್ರವಚನದಲ್ಲಿ, ಮುಳುಬಾಗಿಲಿನ ನರಸಿಂಹತೀರ್ಥಕ್ಕೆ ಹೋಗಲು ಅನುಕೂಲವಾಗದೆ ಊರಿನಲ್ಲಿಯೇ ಉಳಿದ ಸಜ್ಜನರ ಮುಂದೆ, ವಿದ್ವಾಂಸರು ನಖಸ್ತುತಿಯ ಅರ್ಥವನ್ನು ಸವಿಸ್ತಾರವಾಗಿ ನಿರೂಪಿಸಿದರು. ಶ್ರೀತ್ರಿವಿಕ್ರಮಪಂಡಿತಾಚಾರ್ಯರು ವಾಯುಸ್ತುತಿಯನ್ನು ರಚಿಸಿ ಒಪ್ಪಿಸಿದಾಗ, ಶ್ರೀಮದಾಚಾರ್ಯರು ಅದರ ಜೊತೆಯಲ್ಲಿ ಪಠಿಸತಕ್ಕದ್ದೆಂದು ಶ್ರೀನೃಸಿಂಹನ ನಖಗಳನ್ನು ಕುರಿತು ಎರಡು ಶ್ಲೋಕಗಳನ್ನು ಅನುಗ್ರಹಿಸಿದರೆಂಬುದು ಸಂಪ್ರದಾಯವನ್ನು ಬಲ್ಲವರಿಗೆಲ್ಲ ವಿದಿತವಾದ ಸಂಗತಿ. ಹಿರಣ್ಯಕಶಿಪುವು ಪಡೆದ ವರದಲ್ಲಿ ಪ್ರಾಣವುಳ್ಳದ್ದರಿಂದಲೂ ಪ್ರಾಣವಿಲ್ಲದ್ದರಿಂದಲೂ ತನಗೆ ಮರಣವಿರಬಾರದೆಂಬ ಮಾತಿದೆಯಷ್ಟೆ. ಅದಕ್ಕೆ ಭಗವಂತನು ಆರಿಸಿಕೊಂಡ ಸಾಧನವು ಉಗುರು. ನಿರ್ಜೀವವೆನ್ನೋಣವೆಂದರೆ ಅದು ಬೆಳೆಯುತ್ತದೆ. ಸಜೀವವೆನ್ನೋಣವೆಂದರೆ ಕತ್ತರಿಸಿದಾಗ ನೋಯುವುದಿಲ್ಲ. ತುದಿಯಲ್ಲಿ ಜಡ, ಬುಡದಲ್ಲಿ ಜೀವ. ಇದು ಉಗುರಿನ ವೈಚಿತ್ರ್ಯ.

ಮಂಗಳಾರತಿಯಾಗಿ ಪಾನಕದ ವಿನಿಯೋಗ ನಡೆಯುತ್ತಿದ್ದಾಗ, ಪ್ರತಿದಿನವೂ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಉದ್ಯೋಗಕ್ಕೆ ಹೋಗಿ ರಾತ್ರಿ ಹಿಂದಿರುಗುವ ಯುವಕರೊಬ್ಬರು ವಿದ್ವಾಂಸರ ಬಳಿಗೆ ಬಂದು ಒಂದು ಪ್ರಶ್ನೆ ಕೇಳಿದರು. "ಆಚಾರ್ಯರೇ, ಅಮೆರಿಕದಲ್ಲಿರುವ ನಮ್ಮ ಅಕ್ಕ ಒಂದು ಬೆಕ್ಕು ಸಾಕಿದ್ದಾಳೆ. ಹೊಸದಾಗಿ ನೋಡಿರುವ ಬಾಡಿಗೆ ಮನೆಯ ಮಾಲೀಕರು ಬೆಕ್ಕಿನ ಮುಂಗಾಲುಗಳ ಉಗುರು ತೆಗೆಸಿದರೆ ಮಾತ್ರ ಮನೆ ಕೊಡುತ್ತೇವೆ ಎನ್ನುತ್ತಾರಂತೆ. ಅಲ್ಲಿ ಕೆಲವು ರಾಜ್ಯಗಳಲ್ಲಿ ಅದಕ್ಕೆ ನಿಷೇಧವಿದೆ, ಇವರಿರುವ ಕಡೆ ಇಲ್ಲ. ಭಾವನವರು ಮಾಡಿಸಿಬಿಡೋಣ ಎನ್ನುತ್ತಾರೆ, ಅಕ್ಕನಿಗೆ ಮನಸ್ಸು ಬರುತ್ತಿಲ್ಲ. ಇದರಲ್ಲಿ ದೋಷವಿದೆಯೇ ಕೇಳಿಕೊಂಡು ಬಾ ಎಂದಿದ್ದಾಳೆ." ಪಕ್ಕದಲ್ಲಿದ್ದ ಕೆಲವರು ನಕ್ಕರು. ವಿದ್ವಾಂಸರು ನಗಲಿಲ್ಲ, ಆದರೆ ಹೊತ್ತು ಮೀರಿದ್ದರಿಂದ ಅಂದು ವಿಚಾರ ಮುಂದುವರಿಯಲಿಲ್ಲ. ಆ ಪ್ರಶ್ನೆ ನಗುವಂತಹುದಲ್ಲವೆಂದು ತೋರಿದ ಕಾರಣ ಇಲ್ಲಿ ಅದನ್ನು ಯಥಾಮತಿ ಪರಿಶೀಲಿಸಲಾಗಿದೆ.

ಮೊದಲು ಆ ಕ್ರಿಯೆ ಎಂತಹುದೆಂಬುದು ಸ್ಪಷ್ಟವಾಗಬೇಕು. ಏಕೆಂದರೆ ವಾದದ ಅರ್ಧಭಾಗ ಹೆಸರಿನ ಭ್ರಾಂತಿಯಿಂದಲೇ ಹುಟ್ಟಿದೆ. ಉಗುರು ತೆಗೆಸುವುದೆಂದೊಡನೆ ನಾವು ಕ್ಷೌರದ ದಿನ ಉಗುರು ತೆಗೆದುಕೊಳ್ಳುವುದನ್ನು ಭಾವಿಸುತ್ತೇವೆ. ಮನುಷ್ಯನ ಉಗುರು ಚರ್ಮದಿಂದ ಹುಟ್ಟಿ ಬೆರಳಿನ ಮೇಲೆ ಹಲ್ಲೆಯಂತೆ ಕುಳಿತಿದೆ. ಬೆಕ್ಕಿನ ಉಗುರು ಹಾಗಲ್ಲ. ಅದು ಬೆರಳಿನ ಕೊನೆಯ ಮೂಳೆಯನ್ನೇ ಒರೆಯಂತೆ ಹೊದ್ದು ಬೆಳೆಯುತ್ತದೆ. ಆ ಮೂಳೆಯನ್ನು ಉಳಿಸಿದರೆ ಉಗುರು ಮತ್ತೆ ಬರುತ್ತದೆ. ಆದುದರಿಂದ ಈ ಶಸ್ತ್ರಕ್ರಿಯೆಯಲ್ಲಿ ಕೊನೆಯ ಗಿಣ್ಣಿನ ಬಳಿ ಮೂಳೆಯ ಸಹಿತ ಬೆರಳಿನ ತುದಿಯನ್ನೇ ಕಡಿದು ತೆಗೆಯುತ್ತಾರೆ. ಒಂದೊಂದು ಮುಂಗಾಲಿಗೆ ಐದರಂತೆ ಹತ್ತು ಛೇದಗಳು. ಅರಿವಳಿಕೆ ಕೊಟ್ಟು, ಚೂರಿಯಿಂದಲೋ ಕತ್ತರಿಯಂತಹ ಉಪಕರಣದಿಂದಲೋ ಲೇಸರ್ ಕಿರಣದಿಂದಲೋ ಮಾಡಿದರೂ ಕ್ರಿಯೆಯ ಸ್ವರೂಪ ಒಂದೇ. ಮನುಷ್ಯನಿಗೆ ಹೋಲಿಸಿದರೆ ಹತ್ತು ಬೆರಳುಗಳನ್ನೂ ಕೊನೆಯ ಗಿಣ್ಣಿಗೆ ಕತ್ತರಿಸಿದಂತೆ. ಇದನ್ನು ನಖಚ್ಛೇದವೆನ್ನದೆ ಅಂಗಚ್ಛೇದವೆನ್ನುವುದೇ ಸರಿ.

ಬೆಕ್ಕು ನಮ್ಮಂತೆ ಅಂಗಾಲನ್ನು ಪೂರ್ಣವಾಗಿ ಊರಿ ನಡೆಯುವ ಪ್ರಾಣಿಯಲ್ಲ, ಬೆರಳುಗಳ ಮೇಲೆ ನಡೆಯುವುದು. ಆ ಬೆರಳುಗಳ ತುದಿ ಹೋದರೆ ದೇಹದ ಭಾರವೆಲ್ಲ ಬೇರೆ ರೀತಿಯಲ್ಲಿ ಬೀಳುತ್ತದೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 274 ಬೆಕ್ಕುಗಳನ್ನು ಪರೀಕ್ಷಿಸಿದರು. ಅರ್ಧದಷ್ಟು ಉಗುರು ಕಳೆದುಕೊಂಡವು, ಅರ್ಧದಷ್ಟು ಉಗುರುಳ್ಳವು. ಉಗುರು ಕಳೆದುಕೊಂಡವುಗಳಲ್ಲಿ ಬೆನ್ನುನೋವು, ಕಚ್ಚುವ ಸ್ವಭಾವ, ಮಲಮೂತ್ರಗಳನ್ನು ಗೊತ್ತಾದ ಸ್ಥಳದಲ್ಲಿ ಮಾಡದಿರುವುದು ಇವೆಲ್ಲ ಹೆಚ್ಚಾಗಿ ಕಂಡುಬಂದವು. ಅರ್ಧಕ್ಕಿಂತ ಹೆಚ್ಚು ಬೆಕ್ಕುಗಳ ಪಾದಗಳಲ್ಲಿ ಕತ್ತರಿಸಿದ ಮೂಳೆಯ ಚೂರುಗಳು ಉಳಿದುಹೋಗಿದ್ದವು. ಪರಚುವುದನ್ನು ತಪ್ಪಿಸಹೋದವನಿಗೆ ಕಚ್ಚುವ ಬೆಕ್ಕು ದೊರೆಯುವುದು. ಕುರ್ಚಿಯನ್ನು ಉಳಿಸಹೋದವನ ಜಮಖಾನೆ ಕೆಡುವುದು. ಇದನ್ನು ಕರ್ಮಫಲವೆನ್ನಬೇಕೋ ಅವಿವೇಕದ ಫಲವೆನ್ನಬೇಕೋ ವಾಚಕರೇ ನಿರ್ಧರಿಸಲಿ.

ಬೆಕ್ಕು ಪೀಠೋಪಕರಣಗಳನ್ನು ಗೀರುವುದು ಚೇಷ್ಟೆಯಿಂದಲ್ಲ. ಉಗುರಿನ ಹಳೆಯ ಪದರವನ್ನು ಕಳಚಲು, ಬೆನ್ನಿನ ಸ್ನಾಯುಗಳನ್ನು ಚಾಚಲು, ಪಾದದಲ್ಲಿರುವ ಗ್ರಂಥಿಗಳ ವಾಸನೆಯಿಂದ ತನ್ನ ನೆಲೆಯನ್ನು ಗುರುತಿಸಿಕೊಳ್ಳಲು ಅದು ಗೀರುತ್ತದೆ. ನಮ್ಮ ಹಳೆಯ ಮನೆಗಳಲ್ಲಿ ಇದೊಂದು ಸಮಸ್ಯೆಯೇ ಆಗಿರಲಿಲ್ಲ. ಚಿನ್ನದ ಗಣಿಯ ಕಾಲೋನಿಗಳ ಲೈನ್ ಮನೆಗಳಲ್ಲಾಗಲಿ, ರಾಬರ್ಟ್‌ಸನ್‌ಪೇಟೆಯ ದಿನಸಿ ಅಂಗಡಿಗಳಲ್ಲಾಗಲಿ, ಬಂಗಾರಪೇಟೆಯ ಧಾನ್ಯದ ಮಂಡಿಗಳಲ್ಲಾಗಲಿ ಬೆಕ್ಕನ್ನು ಇಟ್ಟುಕೊಂಡದ್ದೇ ಅದರ ಉಗುರಿಗಾಗಿ. ಇಲಿ ಹೆಗ್ಗಣಗಳಿದ್ದ ಕಡೆ ಉಗುರಿಲ್ಲದ ಬೆಕ್ಕನ್ನು ಯಾರು ತಾನೆ ಸಾಕಿಯಾರು? ಅದಕ್ಕೆ ಗೀರಲು ಗೋಣಿಚೀಲಗಳಿದ್ದವು, ಹಿತ್ತಿಲ ನುಗ್ಗೆಯ ಮರವಿತ್ತು. ಬೆಕ್ಕು ಕೆಲಸದ ಪ್ರಾಣಿಯಾಗಿದ್ದಾಗ ಅದರ ಸ್ವಭಾವ ಗುಣವಾಗಿತ್ತು. ಅದು ಮುದ್ದಿನ ವಸ್ತುವಾದೊಡನೆ ಅದೇ ಸ್ವಭಾವ ದೋಷವಾಯಿತು. ಬೆಕ್ಕು ಬದಲಾಗಲಿಲ್ಲ, ನಮ್ಮ ಪ್ರಯೋಜನ ಬದಲಾಯಿತು.

ಇನ್ನು ನಿಷೇಧದ ವಿಚಾರ. ಯೂರೋಪಿನ ರಾಷ್ಟ್ರಗಳು 1987ರಲ್ಲಿ ಸಾಕುಪ್ರಾಣಿಗಳ ರಕ್ಷಣೆಗಾಗಿ ಮಾಡಿಕೊಂಡ ಒಡಂಬಡಿಕೆಯಲ್ಲಿಯೇ ಚಿಕಿತ್ಸೆಗಲ್ಲದೆ ಬಾಲ, ಕಿವಿ, ಧ್ವನಿ, ಉಗುರು, ಹಲ್ಲುಗಳನ್ನು ತೆಗೆಯುವುದನ್ನು ನಿಷೇಧಿಸಿದವು. ಇಸ್ರೇಲ್ ದೇಶದಲ್ಲಿ 2011ರಲ್ಲಿ ಕಾಯಿದೆಯಾಯಿತು. ಅಮೆರಿಕದಲ್ಲಿ ಮಾತ್ರ ಈ ಪದ್ಧತಿ ಬಹಳ ರೂಢಿಯಾಗಿದ್ದಿತು. ಅಲ್ಲಿ 2003ರಲ್ಲಿ ಕ್ಯಾಲಿಫೋರ್ನಿಯದ ವೆಸ್ಟ್ ಹಾಲಿವುಡ್ ಎಂಬ ಚಿಕ್ಕ ನಗರ ಮೊದಲು ನಿಷೇಧಿಸಿತು. ರಾಜ್ಯಗಳ ಪೈಕಿ ನ್ಯೂಯಾರ್ಕ್ 2019ರಲ್ಲಿ ಮೊದಲಿಗನಾಯಿತು, 2022ರಲ್ಲಿ ಮೇರಿಲ್ಯಾಂಡ್ ಅನುಸರಿಸಿತು, ಆಮೇಲೆ ಇನ್ನೂ ಕೆಲವು ಸೇರಿದವು. ನ್ಯೂಯಾರ್ಕಿನ ಮಸೂದೆಯನ್ನು ಅಲ್ಲಿನ ಪಶುವೈದ್ಯರ ಸಂಘವೇ ವಿರೋಧಿಸಿತೆಂಬುದು ಗಮನಾರ್ಹ. ಅವರ ವಾದವನ್ನು ಅಲಕ್ಷಿಸುವಂತಿಲ್ಲ. ಪೂರ್ವಪಕ್ಷವನ್ನು ಅದರ ಪೂರ್ಣಬಲದಿಂದ ಮಂಡಿಸದೆ ಸಿದ್ಧಾಂತ ಹೇಳುವುದು ನಮ್ಮ ಹಿರಿಯರ ಪದ್ಧತಿಯಲ್ಲ.

ಅವರು ಹೇಳುವುದಿಷ್ಟು. ಈ ಕ್ರಿಯೆ ಇಷ್ಟವಾದದ್ದೆಂದು ನಾವೂ ಹೇಳುವುದಿಲ್ಲ. ಆದರೆ ಮನೆಯಲ್ಲಿ ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವ ವೃದ್ಧರಿರುತ್ತಾರೆ, ರೋಗನಿರೋಧಕ ಶಕ್ತಿ ಕುಂದಿದವರಿರುತ್ತಾರೆ; ಅವರಿಗೆ ಒಂದು ಗೀರೂ ಅಪಾಯ. ಮಾಲೀಕನು ಒಪ್ಪದಿದ್ದರೆ ಬೆಕ್ಕನ್ನು ಆಶ್ರಯಧಾಮಕ್ಕೆ ಬಿಡುತ್ತಾರೆ, ಅಲ್ಲಿ ಸ್ಥಳವಿಲ್ಲದಿದ್ದರೆ ಅದನ್ನು ಕೊಲ್ಲುತ್ತಾರೆ. ಹೀಗಿರುವಾಗ ಉಗುರು ಹೋದರೂ ಪ್ರಾಣ ಉಳಿಯಲೆಂಬುದು ದಯೆಯಲ್ಲವೇ? ಈ ನಿರ್ಣಯವನ್ನು ವೈದ್ಯನ ವಿವೇಕಕ್ಕೆ ಬಿಡದೆ ಶಾಸನಸಭೆ ಏಕೆ ಕೈಹಾಕಬೇಕು?

ಇದಕ್ಕೆ ಉತ್ತರ ಎರಡು ಬಗೆ. ಮೊದಲನೆಯದು ಲೋಕಾನುಭವದಿಂದ. ಅಮೆರಿಕದ ಸರ್ಕಾರಿ ಆರೋಗ್ಯಸಂಸ್ಥೆಯೇ ರೋಗನಿರೋಧಕ ಶಕ್ತಿ ಕುಂದಿದವರಿಗೂ ಬೆಕ್ಕಿನ ಉಗುರು ಕೀಳಿಸಬೇಕೆಂದು ಸಲಹೆ ಮಾಡುವುದಿಲ್ಲ; ಒರಟಾಗಿ ಆಟವಾಡಬೇಡಿ, ಗೀರಿದರೆ ಒಡನೆ ತೊಳೆದುಕೊಳ್ಳಿ ಎನ್ನುತ್ತದೆ. ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯ ಪ್ರಾಂತ್ಯದಲ್ಲಿ 2018ರಲ್ಲಿ ನಿಷೇಧವಾದ ಮೇಲೆ ಆಶ್ರಯಧಾಮಗಳ ದಾಖಲೆಗಳನ್ನು ಪರಿಶೀಲಿಸಿದವರಿಗೆ, ಪೀಠೋಪಕರಣ ಕೆಡಿಸುತ್ತದೆಂದು ತಂದು ಬಿಟ್ಟ ಬೆಕ್ಕುಗಳ ಸಂಖ್ಯೆ ಏರಿದ್ದು ಕಾಣಲಿಲ್ಲ. ಎರಡನೆಯ ಉತ್ತರ ವಾದದ ರೂಪವನ್ನೇ ಕುರಿತದ್ದು. "ಕಡಿಯದಿದ್ದರೆ ಕೊಲ್ಲುತ್ತಾರೆ" ಎಂಬ ಮಾತಿನಲ್ಲಿ ಕೊಲ್ಲುವವನೂ ನಾನೇ, ಕಡಿಯುವವನೂ ನಾನೇ. ನಾನೇ ಒಡ್ಡಿದ ಭಯದಿಂದ ಪ್ರಾಣಿಯನ್ನು ಪಾರುಮಾಡಿ ಅದನ್ನು ದಯೆಯೆಂದು ಕರೆಯುವುದು ಯಾವ ನ್ಯಾಯ? ಕಳ್ಳನು ಅರ್ಧ ಹಣ ಹಿಂತಿರುಗಿಸಿ ದಾನ ಮಾಡಿದೆನೆಂದಂತಾಯಿತು.

ಇಲ್ಲಿ ಮಹಾಭಾರತದ ಆದಿಪರ್ವದ ಮಾಂಡವ್ಯೋಪಾಖ್ಯಾನವನ್ನು ಸ್ಮರಿಸಬೇಕು. ಮೌನವ್ರತದಲ್ಲಿದ್ದ ಮಾಂಡವ್ಯ ಮಹರ್ಷಿಯ ಆಶ್ರಮದಲ್ಲಿ ಕಳ್ಳರು ಮಾಲನ್ನು ಅಡಗಿಸಿಟ್ಟುದರಿಂದ, ರಾಜಭಟರು ಋಷಿಯನ್ನೂ ಕಳ್ಳನೆಂದು ತಿಳಿದು ಶೂಲಕ್ಕೇರಿಸಿದರು. ತಪೋಬಲದಿಂದ ಪ್ರಾಣ ಹೋಗಲಿಲ್ಲ. ಶೂಲವನ್ನು ಕೀಳಲಾಗದೆ ಕತ್ತರಿಸಿದರು, ತುದಿ ದೇಹದಲ್ಲಿಯೇ ಉಳಿಯಿತು. ಅದರಿಂದಲೇ ಅವರಿಗೆ ಅಣಿಮಾಂಡವ್ಯರೆಂಬ ಹೆಸರು. ಅವರು ಯಮಧರ್ಮನಲ್ಲಿಗೆ ಹೋಗಿ ತಾನು ಮಾಡಿದ ಪಾಪವೇನೆಂದು ಕೇಳಿದಾಗ ದೊರೆತ ಉತ್ತರ: ಬಾಲ್ಯದಲ್ಲಿ ನೀನು ಸಣ್ಣ ಹುಳುಗಳಿಗೆ ದರ್ಭೆಯಂತಹ ಕಡ್ಡಿಯನ್ನು ಚುಚ್ಚಿದ್ದೆ. ಋಷಿಯು ಕೋಪಗೊಂಡು, ಅರಿಯದ ವಯಸ್ಸಿನ ಅಪರಾಧಕ್ಕೆ ಇಷ್ಟು ದೊಡ್ಡ ದಂಡವೇ ಎಂದು ಯಮನಿಗೆ ಮನುಷ್ಯಜನ್ಮದ ಶಾಪವಿತ್ತು, ಹದಿನಾಲ್ಕು ವರ್ಷದೊಳಗಿನವರ ಕೃತ್ಯಕ್ಕೆ ಪಾಪವಿಲ್ಲವೆಂದು ಮರ್ಯಾದೆಯನ್ನು ಸ್ಥಾಪಿಸಿದರು. ಆ ಶಾಪದಿಂದ ವಿದುರನ ಅವತಾರವಾಯಿತೆಂಬುದು ಪ್ರಸಿದ್ಧ.

ಈ ಕಥೆಯನ್ನು ನಾವು ಸಾಮಾನ್ಯವಾಗಿ ಶಾಪದ ದೃಷ್ಟಿಯಿಂದ ಹೇಳಿ ಮುಗಿಸುತ್ತೇವೆ. ಆದರೆ ಗಮನಿಸಬೇಕಾದುದು ಬೇರೆ ಇದೆ. ಋಷಿಯು ಯಮನೊಡನೆ ಜಗಳವಾಡಿದ್ದು ದಂಡದ ಪ್ರಮಾಣವನ್ನು ಕುರಿತು, ಕರ್ತೃವಿನ ವಯಸ್ಸನ್ನು ಕುರಿತು. ಹುಳುವಿಗೆ ಚುಚ್ಚಿದರೆ ಏನಾಯಿತು, ಅದೊಂದು ಹುಳು ತಾನೆ ಎಂದು ಅವರು ಹೇಳಲಿಲ್ಲ. ಕೃತ್ಯ ದೋಷವೆಂಬುದನ್ನು ಇಬ್ಬರೂ ಒಪ್ಪಿದ್ದರು. ಅಲ್ಲಿ ಆದದ್ದು ಕೊಲೆಯೂ ಅಲ್ಲವೆಂದು ಕಥೆ ಹೇಳುವುದರಿಂದಲೇ ತೋರುತ್ತದೆ; ಆಟಕ್ಕಾಗಿ ಚುಚ್ಚಿದ್ದು. ಅರಿಯದ ಬಾಲಕನಿಗೆ ವಿನಾಯಿತಿ ಸಿಕ್ಕಿತು. ಅರಿತವನಿಗೆ? ಉಗುರಿನೊಡನೆ ಮೂಳೆ ಹೋಗುವುದೆಂದು ತಿಳಿಯದೆ ಮಾಡಿಸಿದವರು ಬಾಲಕನ ಸ್ಥಾನದಲ್ಲಿದ್ದರು. ಅಂತಹವರು ಅಮೆರಿಕದಲ್ಲಿ ಲಕ್ಷಾಂತರ ಮಂದಿ ಇದ್ದಿರಬೇಕು, ಅವರನ್ನು ಕ್ರೂರಿಗಳೆಂದು ಜರೆಯುವುದು ಅನ್ಯಾಯ. ತಿಳಿದ ಮೇಲೆ ಆ ವಿನಾಯಿತಿ ಉಳಿಯುವುದಿಲ್ಲ.

ತಿಳಿವಳಿಕೆ ಹರಡಿದರೆ ಸಾಕಲ್ಲವೇ, ಕಾಯಿದೆ ಏಕೆ ಎಂದು ಕೇಳುವವರಿಗೆ ಚಿನ್ನದ ಗಣಿಯ ಸೀಮೆಯವರು ಸುಲಭವಾಗಿ ಉತ್ತರ ಹೇಳಬಲ್ಲರು. ಬಂಡೆಯ ಧೂಳು ಶ್ವಾಸಕೋಶವನ್ನು ಕಲ್ಲಾಗಿಸುವುದೆಂಬುದು ಗಣಿಯ ಕುಟುಂಬಗಳಿಗೆ ವೈದ್ಯರಿಗಿಂತ ಮೊದಲೇ ಗೊತ್ತಿತ್ತು. ಆದರೂ ಮೈಸೂರು ಸಂಸ್ಥಾನದಲ್ಲಿ 1940ರಲ್ಲಿ ಸಿಲಿಕೋಸಿಸ್ ನಿಯಮಗಳು ಬಂದ ಮೇಲೆಯೇ ಆ ರೋಗಕ್ಕೆ ಪರಿಹಾರ ಕೇಳುವ ದಾರಿಯಾಯಿತು. ಪರರ ದೇಹಕ್ಕೆ ಆಗುವ ಹಾನಿಯಿಂದ ಯಾರಿಗೆ ಅನುಕೂಲವೋ ಅವರ ಸೌಜನ್ಯವೊಂದನ್ನೇ ನಂಬಿ ಕೂರಲಾಗದೆಂಬುದಕ್ಕೆ ಬೇರೆ ದೃಷ್ಟಾಂತ ಬೇಕಿಲ್ಲ. ಮನುಷ್ಯನಾದರೋ ಬಾಯಿಬಿಟ್ಟು ಹೇಳಿಕೊಳ್ಳಬಲ್ಲ, ಸಂಘ ಕಟ್ಟಬಲ್ಲ. ಬೆಕ್ಕು ತನ್ನ ನೋವನ್ನು ತೋರಿಸಿಕೊಳ್ಳುವುದೂ ಇಲ್ಲ. ನೋವಿದ್ದಾಗ ಮೂಲೆ ಸೇರಿ ಮಲಗುವುದು ಅದರ ಸ್ವಭಾವ.

ಇದು ಅಮೆರಿಕದವರ ಪಾಡು, ನಮಗೇಕೆ ಎಂಬ ಮಾತೂ ಅಂದು ಕೇಳಿಬಂದಿತು. ಹಾಗೆನ್ನುವವರು ಕರಡಿ ಕುಣಿಸುವವರನ್ನು ಮರೆತಿರಬೇಕು. ಈ ಸೀಮೆಯ ಹಳಬರು ಬಾಲ್ಯದಲ್ಲಿ ಆ ಆಟವನ್ನು ನೋಡಿಯೇ ಇರುತ್ತಾರೆ. ಮಕ್ಕಳ ಭಯ ಬಿಡಿಸಲೆಂದು ಅವರನ್ನು ಕರಡಿಯ ಬೆನ್ನ ಮೇಲೆ ಕೂರಿಸುತ್ತಿದ್ದರು, ಅದರ ಕೂದಲನ್ನು ತಾಯಿತದಲ್ಲಿ ಕಟ್ಟಿಸುತ್ತಿದ್ದರು. ಆ ಕರಡಿ ಮಗುವನ್ನು ಪರಚದೆ ಕಚ್ಚದೆ ಹೇಗೆ ಸುಮ್ಮನಿರುತ್ತಿತ್ತು? ಮರಿಯಾಗಿದ್ದಾಗಲೇ ತಾಯಿಯಿಂದ ಅಗಲಿಸಿ, ಕಾಯಿಸಿದ ಸೂಜಿಯಿಂದ ಮೂತಿಯನ್ನು ತೂತುಮಾಡಿ ಹಗ್ಗ ಪೋಣಿಸಿ, ಹಲ್ಲು ಮುರಿದು, ಉಗುರು ಕತ್ತರಿಸಿ ಅದನ್ನು ಸಾಧುವಾಗಿಸುತ್ತಿದ್ದರು. ಜಾಂಬವಂತನ ಕುಲವೆಂದು ನಾವು ಕೈಮುಗಿದು ಒಂದು ಕಾಸು ಹಾಕುತ್ತಿದ್ದೆವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದರೂ ಆಟ ನಿಲ್ಲಲಿಲ್ಲ. 1998ರಲ್ಲಿ ಕೇಂದ್ರಸರ್ಕಾರ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕೆ ಬಳಸಬಾರದೆಂದು ಪ್ರಕಟಣೆ ಹೊರಡಿಸಿತು. ಸರ್ವೋಚ್ಚ ನ್ಯಾಯಾಲಯ 2001ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೂ ಕಾಯಿದೆಯೊಂದರಿಂದಲೇ ಕೆಲಸವಾಗಲಿಲ್ಲ. ಕರಡಿಯನ್ನೇ ನಂಬಿದ್ದ ಕಲಂದರ್ ಕುಟುಂಬಗಳಿಗೆ ಬೇರೆ ಕಸುಬು ಕಲ್ಪಿಸಿ, ಅವರ ಮಕ್ಕಳನ್ನು ಶಾಲೆಗೆ ಸೇರಿಸಿದ ಮೇಲೆ ಅವರೇ ಕರಡಿಗಳನ್ನು ಒಪ್ಪಿಸಿದರು. 2009ರ ಡಿಸೆಂಬರಿನಲ್ಲಿ, ಬೀದಿಯಲ್ಲಿ ಕುಣಿಯುತ್ತಿದ್ದ ಕೊನೆಯ ಕರಡಿಯೆಂದು ಹೆಸರಾದ ರಾಜು, ನಮ್ಮ ಬೆಂಗಳೂರಿನ ಬನ್ನೇರುಘಟ್ಟದ ಆಶ್ರಯಕ್ಕೆ ಸೇರಿತು. ಕಲಂದರರು ಹೊಟ್ಟೆಪಾಡಿಗೆ ಮಾಡುತ್ತಿದ್ದುದನ್ನು ಬಿಡಿಸಿದ ನಾವು, ಉಳ್ಳವರು ಪೀಠೋಪಕರಣಕ್ಕಾಗಿ ಮಾಡುವುದಕ್ಕೆ ಯಾವ ಮುಖದಿಂದ ವಿನಾಯಿತಿ ಕೊಡೋಣ?

ನಮ್ಮ ದೇಶದ ಕಾಯಿದೆಯ ಸ್ಥಿತಿಯನ್ನೂ ಹೇಳಬೇಕು. ರುಕ್ಮಿಣಿದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ಹಠಹಿಡಿದು ಎತ್ತಿದ ವಿಷಯ 1960ರಲ್ಲಿ ಪ್ರಾಣಿಹಿಂಸಾ ನಿವಾರಣ ಕಾಯಿದೆಯಾಗಿ ಫಲಿಸಿತು. ಅದರ ಹನ್ನೊಂದನೆಯ ವಿಧಿಯಂತೆ ಪ್ರಾಣಿಯ ಅಂಗಚ್ಛೇದ ಅಪರಾಧ. ಬೆಕ್ಕಿನ ಉಗುರೆಂದು ಅಲ್ಲಿ ಹೆಸರಿಸಿಲ್ಲ. ಆದರೆ ಕೊನೆಯ ಗಿಣ್ಣನ್ನು ಕಡಿಯುವುದು ಅಂಗಚ್ಛೇದವಲ್ಲದೆ ಮತ್ತೇನು? ದಂಡ ಮಾತ್ರ ನಗೆ ಬರಿಸುತ್ತದೆ: ಮೊದಲ ಅಪರಾಧಕ್ಕೆ ಹತ್ತು ರೂಪಾಯಿಗೆ ಕಡಿಮೆಯಿಲ್ಲದೆ, ಐವತ್ತು ರೂಪಾಯಿಗೆ ಮೀರದೆ. ನ್ಯೂಯಾರ್ಕಿನಲ್ಲಿ ಇದಕ್ಕೆ ಸಾವಿರ ಡಾಲರುಗಳವರೆಗೆ ದಂಡವಿದೆ. ಐವತ್ತು ರೂಪಾಯಿಯೆಂದರೆ ಇಂದು ಇಬ್ಬರು ಹೋಟೆಲಿನಲ್ಲಿ ಕಾಫಿ ಕುಡಿದರೆ ತೀರುವ ಹಣ. ದಂಡ ಹೆಚ್ಚಿಸುವ ತಿದ್ದುಪಡಿಯ ಕರಡೊಂದು 2022ರಲ್ಲಿ ಪ್ರಕಟವಾಯಿತು.

ಅದೇ ವಿಧಿಯಲ್ಲಿ ಇನ್ನೊಂದು ಮಾತಿದೆ, ಅದನ್ನು ಮರೆಮಾಚುವುದು ಸರಿಯಲ್ಲ. ದನಗಳ ಕೊಂಬು ತೆಗೆಯುವುದು, ಬೀಜ ಒಡೆಸುವುದು, ಬರೆ ಹಾಕುವುದು, ಮೂಗುದಾರ ಹಾಕುವುದು ಇವು ವಿಹಿತ ರೀತಿಯಲ್ಲಿ ನಡೆದರೆ ಅಪರಾಧವಲ್ಲವೆಂದು ಕಾಯಿದೆ ಹೇಳುತ್ತದೆ. ಆಗ ಪ್ರತಿವಾದಿ ಕೇಳುವುದು ಸಹಜ: ಎತ್ತಿನ ಮೂಗು ಚುಚ್ಚಬಹುದು, ಬೆಕ್ಕಿನ ಉಗುರು ಮುಟ್ಟಬಾರದೇ? ಆವನಿಯ ಜಾತ್ರೆಯಲ್ಲಿ ಜೋಡಿ ಎತ್ತುಗಳನ್ನು ನೋಡಿ ಸಂತೋಷಪಡುವವರು ಬೆಕ್ಕಿಗಾಗಿ ಕಣ್ಣೀರು ಹ���ಕುವುದು ಕಪಟವಲ್ಲವೇ? ಇದು ಈ ಚರ್ಚೆಯಲ್ಲಿನ ಅತ್ಯಂತ ಕಠಿಣವಾದ ಆಕ್ಷೇಪ. ಮೂಗುದಾರವಿಲ್ಲದೆ ನೇಗಿಲು ನಡೆಯುತ್ತಿರಲಿಲ್ಲ, ನೇಗಿಲು ನಡೆಯದಿದ್ದರೆ ಮನುಷ್ಯರಿಗೂ ಎತ್ತಿಗೂ ಅನ್ನವಿರಲಿಲ್ಲ. ಅಲ್ಲಿ ಪರಸ್ಪರ ಜೀವನದ ಆವಶ್ಯಕತೆಯಿತ್ತು ಎಂದು ಉತ್ತರ ಹೇಳಬಹುದು. ಆ ಉತ್ತರ ನಿಜ. ಆದರೆ ಅದು ಪೂರ್ಣವಾದ ಸಮಾಧಾನವಲ್ಲ. ಟ್ರ್ಯಾಕ್ಟರು ಬಂದ ಮೇಲೆ ಆ ಆವಶ್ಯಕತೆ ಎಷ್ಟು ಕುಗ್ಗಿದೆಯೋ ಆ ವಿನಾಯಿತಿಯೂ ಅಷ್ಟು ಕುಗ್ಗಬೇಕು. ಬೆಕ್ಕಿನ ಪರವಾಗಿ ಎತ್ತಿದ ಅಳತೆಗೋಲು ನಾಳೆ ಕೊಟ್ಟಿಗೆಗೂ ಬರುತ್ತದೆಂದು ಒಪ್ಪಿಯೇ ಈ ವಾದಕ್ಕೆ ಇಳಿಯಬೇಕು. ಬೆಕ್ಕುಗಳಿಗೆ ಸಂತಾನಶಸ್ತ್ರಕ್ರಿಯೆ ಮಾಡಿಸುವುದನ್ನೂ ಕೆಲವರು ಇದರೊಡನೆ ಸೇರಿಸುತ್ತಾರೆ. ಅದೂ ಅಂಗಚ್ಛೇದವೇ, ಸಂದೇಹವಿಲ್ಲ. ಆದರೆ ಚೀಲದಲ್ಲಿ ಕಟ್ಟಿ ರೈಲ್ವೆ ಹಳಿಯ ಬದಿಗೆ ಎಸೆಯುವ ಮರಿಗಳ ಗತಿಯನ್ನು ಕಂಡವರು ಅದನ್ನು ಕುರ್ಚಿಯ ಬಟ್ಟೆಯೊಡನೆ ತೂಗಲಾರರು. ಅಲ್ಲಿ ನಿವಾರಣೆಯಾಗುವುದು ಬೆಕ್ಕುಗಳ ದುಃಖ. ಇಲ್ಲಿ ನಿವಾರಣೆಯಾಗುವುದು ನಮ್ಮ ಬೇಸರ. ಉಗುರಿನ ಬುಡದಲ್ಲಿ ವ್ರಣವೋ ಗಡ್ಡೆಯೋ ಆದಾಗ ಆ ಬೆರಳನ್ನು ತೆಗೆಯುವುದು ಚಿಕಿತ್ಸೆ. ನಿಷೇಧಿಸಿದ ಕಾಯಿದೆಗಳೆಲ್ಲ ಅದಕ್ಕೆ ಅವಕಾಶವಿಟ್ಟಿವೆ.

ಇನ್ನು ನಮ್ಮವರೇ ಮಾಡಬಹುದಾದ ಒಂದು ಆಕ್ಷೇಪವಿದೆ. ಜೀವರಲ್ಲಿ ತಾರತಮ್ಯವುಂಟೆಂಬುದು ನಮ್ಮ ಸಿದ್ಧಾಂತದ ಜೀವಾಳ. ಉಚ್ಚನೀಚಭಾವ ಸತ್ಯವಾದ ಮೇಲೆ ಕೆಳಗಿನದು ಮೇಲಿನದರ ಅನುಕೂಲಕ್ಕೆ ಒದಗಬೇಡವೇ? ಈ ಮಾತು ತಾರತಮ್ಯವನ್ನು ಅರ್ಧ ಮಾತ್ರ ಓದಿದವರದು. ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರವೆಂದು ವಿಭಾಗಿಸಿದ ಶ್ರೀಮದಾಚಾರ್ಯರು ಸ್ವತಂತ್ರನ ಸ್ಥಾನದಲ್ಲಿ ಶ್ರೀಹರಿಯೊಬ್ಬನನ್ನೇ ಇಟ್ಟರು. ಬೆಕ್ಕನ್ನು ಸಾಕಿದವನೂ ಬೆಕ್ಕೂ ಎರಡೂ ಅಸ್ವತಂತ್ರರ ಪಂಕ್ತಿಯಲ್ಲಿಯೇ ಇವೆ. ಅಸ್ವತಂತ್ರನೊಬ್ಬ ಮತ್ತೊಬ್ಬ ಅಸ್ವತಂತ್ರನ ದೇಹಕ್ಕೆ ತಾನು ಮಾಲೀಕನೆನ್ನುವುದು ಬ್ಯಾಂಕಿನ ಗುಮಾಸ್ತನು ಎಣಿಸುವ ಹಣವನ್ನೆಲ್ಲ ತನ್ನದೆಂದಂತೆ. ಮೇಲಾಗಿ, ಆ ಮಾರ್ಜಾಲದೇಹದೊಳಗಿರುವ ಜೀವನ ಸ್ವರೂಪಯೋಗ್ಯತೆ ಯಾವುದೆಂದು ನಮಗೆ ಗೊತ್ತಿದೆಯೇ? ದೇಹವನ್ನು ನೋಡಿ ತಾರತಮ್ಯವನ್ನು ಅಳೆಯುವುದು ಶಾಸ್ತ್ರದಲ್ಲಿ ಎಲ್ಲಿಯೂ ಹೇಳಿಲ್ಲ.

ಪಂಚಭೇದಗಳಲ್ಲಿ ಜೀವಜೀವಭೇದವೂ ಒಂದು. ಭೇದ ಸತ್ಯವೆಂದರೆ ಪ್ರತಿಯೊಂದು ಜೀವವೂ ತನ್ನದೇ ಆದ ಸ್ವಭಾವದಿಂದ ಬೇರೆಯೆಂದು ಒಪ್ಪಿದಂತೆ. ಬೆಕ್ಕು ನಮಗಿಂತ ಭಿನ್ನ. ಭಿನ್ನವಾಗಿಯೇ ಇರಲು ಅದಕ್ಕೆ ಅರ್ಹತೆಯಿದೆ. ಅದನ್ನು ಗೊಂಬೆಗೆ ಸಮಾನವಾಗಿಸಲು ಉಗುರು ಕಡಿಯುವವನು ಒಂದರ್ಥದಲ್ಲಿ ಆ ಭೇದವನ್ನೇ ಅಳಿಸಹೊರಟಿದ್ದಾನೆ. ಉಗುರು ಬೇಡವೆನ್ನುವವನಿಗೆ ಬೆಕ್ಕು ಬೇಡ. ಹಾಗೆ ಬೇಡವೆನ್ನುವುದರಲ್ಲಿ ದೋಷವೇನೂ ಇಲ್ಲ. ಬೆಕ್ಕನ್ನು ಸಾಕಲೇಬೇಕೆಂಬ ವಿಧಿ ಯಾವ ಸ್ಮೃತಿಯಲ್ಲಿದೆ? ಮಡಿಯ ಅಡಿಗೆಮನೆಯಿರುವ ಎಷ್ಟೋ ಮನೆಗಳಲ್ಲಿ ಬೆಕ್ಕನ್ನು ಬಾಗಿಲಿನಾಚೆಯೇ ಇಟ್ಟು ಹಾಲು ಹಾಕುತ್ತಿದ್ದರು. ಬೇಕೆಂದು ಒಳಗೆ ಕರೆದುಕೊಂಡವನು ಅದರ ಉಗುರನ್ನೂ ಕರೆದುಕೊಂಡಿದ್ದಾನೆ.

ಯಜ್ಞದಲ್ಲಿ ಪಶುವಿನ ಸ್ಥಾನಕ್ಕೆ ಪಿಷ್ಟಪಶುವನ್ನು ವಿಧಿಸಿದ ಪರಂಪರೆ ನಮ್ಮದು. ಮೈಸೂರು ರಾಜ್ಯವು ದೇವಾಲಯಗಳಲ್ಲಿ ಪ್ರಾಣಿಬಲಿಯನ್ನು ನಿಷೇಧಿಸಿ ಕಾಯಿದೆ ಮಾಡಿದ್ದು 1959ರಲ್ಲಿ. ಶ್ರೀಮದಾಚಾರ್ಯರ ಅನುಯಾಯಿಗಳು ಹಿಟ್ಟಿನ ಪಶುವಿನಿಂದ ಯಾಗ ಮಾಡಿದ್ದು ಅದಕ್ಕೆ ಅನೇಕ ಶತಮಾನಗಳ ಹಿಂದೆ. ದೇವತೆಗಳಿಗೆ ಅರ್ಪಿಸುವಲ್ಲಿಯೇ ಹಿಂಸೆಯನ್ನು ಬಿಡಬಹುದಾದರೆ ದಿವಾನಖಾನೆಯ ಅಲಂಕಾರಕ್ಕೆ ಅದು ಅನಿವಾರ್ಯವೆನ್ನುವುದು ಹೇಗೆ? ಬೆಕ್ಕು ಕೊಂದ ಪಾಪಕ್ಕೆ ಚಿನ್ನದ ಬೆಕ್ಕನ್ನು ಮಾಡಿಸಿ ಕಾಶಿಗೆ ಹೋಗಿ ದಾನ ಕೊಡಬೇಕೆಂಬ ಮಾತು ನಮ್ಮ ಹೆಂಗಸರ ಬಾಯಿಯಲ್ಲಿದೆ. ಚಿನ್ನದ ಗಣಿಯ ಊರಿನಲ್ಲಿಯೂ ಚಿನ್ನದ ಬೆಕ್ಕು ಮಾಡಿಸುವಷ್ಟು ಸ್ಥಿತಿವಂತರು ಕಡಿಮೆ. ಗಣಿಯೇ 2001ರ ಫೆಬ್ರವರಿ 28ರಂದು ಮುಚ್ಚಿತು.

ಆ ಸೋದರಿಗೆ ಹೇಳಬೇಕಾದ ಮಾತು ಹೀಗೆ. ಬಾಡಿಗೆ ಮನೆ ಸಿಗುವುದು ಪರದೇಶದಲ್ಲಿ ಎಷ್ಟು ಕಷ್ಟವೆಂಬುದು ನಮಗೆ ತಿಳಿಯದ್ದೇನಲ್ಲ. ಸಸ್ಯಾಹಾರಿಗಳಿಗೆ ಮಾತ್ರವೆಂದು ಹಲಗೆ ತೂಗುಹಾಕಿದ ಮನೆಗಳನ್ನು ನಮ್ಮ ನಗರಗಳಲ್ಲಿಯೂ ಕಂಡಿದ್ದೇವೆ, ಮಾಲೀಕರ ಷರತ್ತಿನ ರುಚಿ ಎಲ್ಲರಿಗೂ ಗೊತ್ತು. ಕ್ಯಾಲಿಫೋರ್ನಿಯದಲ್ಲಿ 2013ರಿಂದ, ಬಾಡಿಗೆದಾರರು ಪ್ರಾಣಿಯ ಉಗುರು ಅಥವಾ ಧ್ವನಿಯನ್ನು ತೆಗೆಸಬೇಕೆಂದು ಮಾಲೀಕರು ಷರತ್ತು ಹಾಕುವುದೇ ಕಾನೂನಿಗೆ ವಿರುದ್ಧ. ಆಕೆಯಿರುವ ರಾಜ್ಯದಲ್ಲಿ ಅಂತಹ ರಕ್ಷಣೆ ಇಲ್ಲವೆಂದಾದರೆ ಮಾಲೀಕರಿಗೆ ಹೆಚ್ಚಿನ ಮುಂಗಡ ಕೊಡುವುದಾಗಿ, ಕೆಟ್ಟುದನ್ನು ಸರಿಪಡಿಸಿಕೊಡುವುದಾಗಿ ಬರೆದು ಕೇಳಬಹುದು. ಅವರು ಒಪ್ಪದಿದ್ದರೆ ಮನೆಯನ್ನು ಬಿಡುವುದು. ಅದೂ ಆಗದಿದ್ದರೆ ಬೆಕ್ಕನ್ನು ಉಗುರುಸಹಿತವಾಗಿ ಒಪ್ಪುವ ಮತ್ತೊಂದು ಕುಟುಂಬಕ್ಕೆ ಒಪ್ಪಿಸುವುದು. ವಿಯೋಗದ ದುಃಖ ಆಕೆಗೆ ಬರಲಿ, ಅಂಗಚ್ಛೇದದ ದುಃಖ ಬೆಕ್ಕಿಗೆ ಬೇಡ. ಭಾವನವರಿಗೆ ಕುರ್ಚಿಯ ಚಿಂತೆಯಾದರೆ ಉಪಾಯ ದುಬಾರಿಯದಲ್ಲ. ಬೆಕ್ಕಿನ ಉಗುರಿನ ತುದಿಯ ಜಡಭಾಗವನ್ನು ಎರಡು ಮೂರು ವಾರಗಳಿಗೊಮ್ಮೆ ಕತ್ತರಿಸಬಹುದು. ಗುಲಾಬಿ ಬಣ್ಣದ ಸಜೀವಭಾಗಕ್ಕೆ ಕತ್ತರಿ ತಾಕದಂತೆ ನೋಡಿಕೊಂಡರಾಯಿತು. ಬೆಕ್ಕು ಹಿಂಗಾಲಿನ ಮೇಲೆ ನಿಂತು ಪೂರ್ತಿ ಮೈಚಾಚುವಷ್ಟು ಎತ್ತರದ ಗಟ್ಟಿಯಾದ ಮರದ ಕಂಬಕ್ಕೆ ತೆಂಗಿನ ನಾರಿನ ಹಗ್ಗವನ್ನು ಸುತ್ತಿ, ಅಥವಾ ಗೋಣಿತಾಟನ್ನು ಬಿಗಿದು, ಅದು ಗೀರುತ್ತಿರುವ ಕುರ್ಚಿಯ ಪಕ್ಕದಲ್ಲಿಯೇ ನಿಲ್ಲಿಸಬೇಕು. ಮೂಲೆಯಲ್ಲಿ ಅಡಗಿಸಿಟ್ಟರೆ ಪ್ರಯೋಜನವಿಲ್ಲ, ನೆಲೆಯನ್ನು ಗುರುತಿಸುವ ಪ್ರಾಣಿ ಎದುರಿಗಿರುವುದನ್ನೇ ಆರಿಸುತ್ತದೆ. ಅಲುಗಾಡುವ ಕಂಬವನ್ನು ಅದು ಎರಡನೆಯ ಸಲ ಮುಟ್ಟುವುದಿಲ್ಲ.

ಹಿಂದೆಯೇ ಉಗುರು ಕೀಳಿಸಿದ ಬೆಕ್ಕನ್ನು ಆಶ್ರಯಧಾಮದಿಂದ ತರಬಹುದೇ ಎಂದೂ ಆ ಯುವಕರು ಆಮೇಲೆ ಕೇಳಿದರು. ಧಾರಾಳವಾಗಿ ತರಬಹುದು. ಮಾಡಿದವರ ದೋಷ ತಂದವರಿಗೆ ಅಂಟುವುದಿಲ್ಲ, ಹಣ ಕೊಟ್ಟು ಹೊಸದಾಗಿ ಮಾಡಿಸದಿರುವವರೆಗೆ. ಅಂತಹ ಬೆಕ್ಕನ್ನು ಮಾತ್ರ ಹೊರಗೆ ಬಿಡಕೂಡದು. ನಾಯಿ ಅಟ್ಟಿಸಿಕೊಂಡು ಬಂದರೆ ಮರ ಹತ್ತಲು ಅದಕ್ಕೆ ಹಿಡಿತವಿರುವುದಿಲ್ಲ. ಪಾದಗಳು ನೋಯುವುದರಿಂದ ಮಲವಿಸರ್ಜನೆಗೆ ಒರಟು ಮರಳಿಗೆ ಬದಲಾಗಿ ನಯವಾದ ಮಣ್ಣನ್ನೋ ಹರಿದ ಕಾಗದವನ್ನೋ ಹಾಸಬೇಕು.

॥ ಶ್ರೀಕೃಷ್ಣಾರ್ಪಣಮಸ್ತು ॥